ಹಂಗುಬಳ್ಳಿಗೆ ಬೇರೆಲ್ಲಿ?

ಪ್ರಶ್ನೆ: ನಾನೊಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಅದರ ಲೋಕದಲ್ಲಿ ಎರಡು ಚಂದ್ರರಿದ್ದಾರೆ. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಹೊಲಗಳಿವೆ. ಅಲ್ಲಿನವರು ತಲೆಮಾರುಗಳಿಂದ ಬೆಳೆದು ಉಣ್ಣುವುದು ಒಂದೇ ಧಾನ್ಯ, ಅದರ ಹೆಸರು ಹೊಂದೆನೆ. ಈ ಹೊಲಗಳಿಗೆ ನುಗ್ಗುವ ಪರಾವಲಂಬಿ ಕಳೆಗೆ ‘ಹಂಗುಬಳ್ಳಿ’ ಎಂದು ಹೆಸರಿಟ್ಟಿದ್ದೇನೆ. ಅದಕ್ಕೆ ಎಲೆಯಿಲ್ಲ, ಬೇರಿಲ್ಲ, ಹಸಿರಿಲ್ಲ. ನೋಡಲು ಕೆಂಪು ನೂಲಿನ ಸಿಕ್ಕು. ನೂರು ವರ್ಷ ಮಣ್ಣಿನಲ್ಲಿ ಮಲಗಿದ್ದ ಬೀಜ ಒಂದು ಮಂತ್ರದ ದನಿಗೆ ಏಳುತ್ತದೆ. ಒಂದೇ ರಾತ್ರಿಯಲ್ಲಿ ಕಣಿವೆಯನ್ನು ಮುಚ್ಚಿ ಪೈರು, ಮರ, ದನ, ಮನುಷ್ಯ ಎಲ್ಲವನ್ನೂ ಹೀರಿ ಒಣಗಿಸುತ್ತದೆ. ಕೊನೆಯಲ್ಲಿ ನಾಯಕಿ ಬಳ್ಳಿಯ ತಾಯಿಬೇರನ್ನು ಹುಡುಕಿ ಸುಡುತ್ತಾಳೆ, ಬಳ್ಳಿಯೆಲ್ಲ ಆ ಕ್ಷಣವೇ ಸಾಯುತ್ತದೆ. ಹಸ್ತಪ್ರತಿ ಓದಿದ ಗೆಳತಿಯೊಬ್ಬಳು ಸಸ್ಯಶಾಸ್ತ್ರ ಓದಿದವಳು. “ಇದು ಗಿಡವಲ್ಲ, ಗಿಡದ ವೇಷ ಹಾಕಿದ ರಾಕ್ಷಸ. ಹೆದರಿಕೆಯೇ ಆಗಲಿಲ್ಲ” ಅಂದಳು. ಇನ್ನೊಬ್ಬರು “ಕಲ್ಪನೆಯ ಲೋಕ ತಾನೇ, ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ” ಅಂದರು. ಎಲೆ, ಬೇರು ಇಲ್ಲದೆ ಗಿಡ ಬದುಕುವುದು ನಿಜಕ್ಕೂ ಉಂಟೇ? ಇಂಥ ಕಳೆ ಎಲ್ಲವನ್ನೂ ಕೊಲ್ಲಬಲ್ಲದೇ? ನಾಯಕಿ ಅದನ್ನು ಹೇಗೆ ಎದುರಿಸಬಹುದು? ದಯವಿಟ್ಟು ತಿಳಿಸಿ, ಸರ್.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ನಕ್ಕೆ. ಬೇರೇ ಇಲ್ಲದ ಬಳ್ಳಿ ಎಂದು ಆರಂಭದಲ್ಲಿ ಹೇಳಿ, ಕೊನೆಗೆ ಅದರ ತಾಯಿಬೇರನ್ನೇ ಸುಡಿಸಿದ್ದೀರಿ! ಎರಡನೇ ಸಲ ನಗು ಬರಲಿಲ್ಲ, ಯಾಕೆಂದರೆ ನೀವು ಊಹಿಸಿ ಬರೆದದ್ದರಲ್ಲಿ ಅರ್ಧದಷ್ಟು ನಾನು ಹೊಲದಲ್ಲಿ ಕಣ್ಣಾರೆ ಕಂಡದ್ದೇ. ಬೇರಿನ ಮಾತಿಗೆ ಕೊನೆಗೆ ಬರುತ್ತೇನೆ.

ನಿಮ್ಮ ಗೆಳತಿಯ ಮಾತನ್ನು ನೀವು ‘ಇದು ಸಾಧ್ಯವೇ’ ಎಂಬ ಪ್ರಶ್ನೆಯಾಗಿ ತೆಗೆದುಕೊಂಡಂತಿದೆ. ಎರಡು ಚಂದ್ರರನ್ನು ಒಪ್ಪಿಕೊಂಡ ಓದುಗರು ಒಂದು ಕೆಂಪು ಬಳ್ಳಿಗಾಗಿ ಚೌಕಾಶಿಗೆ ಇಳಿಯುವುದಿಲ್ಲ. ಅವರಿಗೆ ತೊಡಕಾಗಿರುವುದು ಬಳ್ಳಿಯ ಊಟದ ಲೆಕ್ಕ. ಈ ಬಳ್ಳಿ ಇವತ್ತು ಕಣಿವೆಯನ್ನೆಲ್ಲ ತಿಂದಿತು, ಸರಿ. ನಾಳೆ ಏನು ತಿನ್ನುತ್ತದೆ? ರಾಕ್ಷಸನಿಗೆ ಆ ಪ್ರಶ್ನೆ ಯಾರೂ ಕೇಳುವುದಿಲ್ಲ, ಗಿಡಕ್ಕೆ ಕೇಳಲೇಬೇಕು. ಪರಾವಲಂಬಿ ಕಳೆಗಳ ಜೊತೆ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ: ಅವುಗಳ ಭಯಂಕರತನ ಇರುವುದು ಹೊಟ್ಟೆಬಾಕತನದಲ್ಲಲ್ಲ, ಕಿವಿಯಲ್ಲಿ. ಅವು ಕದ್ದು ಕೇಳಿಸಿಕೊಳ್ಳುತ್ತವೆ. ಏನನ್ನು ಎಂಬುದನ್ನು ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಸುಲಭದ ಪ್ರಶ್ನೆ. ಎಲೆ, ಬೇರು, ಹಸಿರು ಮೂರೂ ಇಲ್ಲದ ಗಿಡ ಧಾರಾಳವಾಗಿ ಇದೆ. ಕಸ್ಕ್ಯೂಟ ಎಂಬ ಬಳ್ಳಿಯನ್ನು ನೀವು ಬೇಲಿಯ ಮೇಲೋ ಕುಂಡದ ಗಿಡದ ಮೇಲೋ ನೋಡಿರಬಹುದು: ಯಾರೋ ಹಳದಿ ನೂಲನ್ನು ಸಿಕ್ಕು ಮಾಡಿ ಎಸೆದಂತೆ ಕಾಣುತ್ತದೆ. ಬೀಜದಿಂದ ಹೊರಬರುವಾಗ ಅದಕ್ಕೆ ಬೇರಿನಂಥದ್ದೇನೋ ಇರುತ್ತದೆ, ನಾಲ್ಕು ದಿನದ ಆಸರೆಗೆ ಅಷ್ಟೆ. ಬೀಜದಲ್ಲಿ ಕಟ್ಟಿಕೊಂಡು ಬಂದ ಬುತ್ತಿ ಮುಗಿಯುವುದರೊಳಗೆ ಇನ್ನೊಂದು ಗಿಡ ಸಿಗಬೇಕು. ಸಿಕ್ಕರೆ ಸುತ್ತಿಕೊಳ್ಳುತ್ತದೆ, ಬುಡ ಒಣಗಿ ನೆಲದ ನಂಟು ಕಡಿದುಹೋಗುತ್ತದೆ. ಸಿಗದಿದ್ದರೆ ಒಂದೆರಡು ವಾರದಲ್ಲಿ ಸಾಯುತ್ತದೆ.

ಸುತ್ತಿಕೊಂಡ ಕಡೆ ಅದು ಚುಚ್ಚುವ ಅಂಗಕ್ಕೆ ಹೀರುಬೇರು ಎನ್ನುತ್ತೇವೆ. ಹೆಸರಿಗೆ ಬೇರು, ಕೆಲಸಕ್ಕೆ ಕನ್ನಕೋಲು. ಇನ್ನೊಂದು ಗಿಡದ ಸಿಪ್ಪೆಯನ್ನು ಒತ್ತಿ, ಜೀವಕೋಶಗಳ ನಡುವಿನ ಅಂಟನ್ನು ಕರಗಿಸಿ, ಒಳಗಿನ ನೀರುನಾಳಕ್ಕೂ ಆಹಾರನಾಳಕ್ಕೂ ತನ್ನ ನಾಳವನ್ನು ಬೆಸೆಯುತ್ತದೆ. ಹೀರುಬೇರು ಇರುವ ಹೂಗಿಡಗಳು ಲೋಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜಾತಿ, ಅಂದರೆ ಒಟ್ಟು ಹೂಗಿಡಗಳಲ್ಲಿ ಸುಮಾರು ನೂರಕ್ಕೆ ಒಂದು. ಇವೆಲ್ಲ ಒಂದೇ ಮನೆತನದವಲ್ಲ. ಸಸ್ಯಗಳ ಇತಿಹಾಸದಲ್ಲಿ ಈ ಕಸುಬು ಸುಮಾರು ಹನ್ನೆರಡು ಸಲ ಬೇರೆ ಬೇರೆಯಾಗಿಯೇ ಹುಟ್ಟಿಕೊಂಡಿದೆ. ಹಾಗಾಗಿ ನಿಮ್ಮ ಲೋಕದಲ್ಲಿ ಹದಿಮೂರನೆಯ ಸಲ ಹುಟ್ಟಿತು ಎಂದರೆ ಯಾವ ಸಸ್ಯಶಾಸ್ತ್ರಜ್ಞರೂ ತಕರಾರು ತೆಗೆಯುವಂತಿಲ್ಲ.

ಇವುಗಳಲ್ಲಿ ಎಲ್ಲವೂ ಖದೀಮರಲ್ಲ. ಶ್ರೀಗಂಧದ ಮರ ಕೂಡ ಪರಾವಲಂಬಿಯೇ! ಎಲೆ ಹಸಿರಾಗಿದ್ದರೂ ನೆಲದಡಿಯಲ್ಲಿ ಅಕ್ಕಪಕ್ಕದ ಗಿಡಗಳ ಬೇರಿಗೆ ಹೀರುಬೇರು ಹೂಡಿಯೇ ಅದು ಬೆಳೆಯುವುದು. ಅದಕ್ಕೇ ನರ್ಸರಿಯವರು ಸಸಿಯ ಚೀಲದಲ್ಲೇ ಜೊತೆಗೊಂದು ಗಿಡ ಹಾಕಿರುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾದ ನ್ಯೂಟ್ಸಿಯ ಎಂಬ ಮರ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಹೀರುಬೇರಿನೊಳಗೆ ಗಟ್ಟಿಯಾದ ಅಲಗೊಂದು ಇರುತ್ತದೆ, ಸಿಕ್ಕ ಬೇರನ್ನು ಕಚಕ್ಕನೆ ಕತ್ತರಿಸಿ ನೀರು ಹೀರುತ್ತದೆ. ನೆಲದಡಿ ಹೂತ ಕೇಬಲ್‌ಗಳನ್ನೂ ಬೇರೆಂದುಕೊಂಡು ಕತ್ತರಿಸಿದ್ದುಂಟು. ಇಂಥದ್ದನ್ನು ನೀವು ಕಾದಂಬರಿಯಲ್ಲಿ ಬರೆದಿದ್ದರೆ ಗೆಳತಿ ಅತಿಯಾಯಿತು ಎನ್ನುತ್ತಿದ್ದರೇನೋ.

ಪುಸ್ತಕಗಳಲ್ಲಿ ಹೀಗೆ ಹೀರಿಸಿಕೊಳ್ಳುವ ಗಿಡಕ್ಕೆ ‘ಆತಿಥೇಯ’ ಎನ್ನುತ್ತಾರೆ. ನನಗೆ ಆ ಪದ ಸೇರುವುದಿಲ್ಲ, ಕರೆದು ಆತಿಥ್ಯ ಕೊಟ್ಟವರು ಯಾರು? ಇಲ್ಲಿ ಆಸರೆ ಗಿಡ ಎಂದೇ ಬರೆಯುತ್ತೇನೆ.

ಈಗ ಕಣಿವೆಯನ್ನು ಒಂದೇ ರಾತ್ರಿ ಒಣಗಿಸುವ ವಿಚಾರ. ಎಲೆಯಿಲ್ಲದ ಬಳ್ಳಿಗೆ ಸ್ವಂತ ಸಂಪಾದನೆ ಇಲ್ಲ. ಅದರ ಒಂದೊಂದು ಗೇಣೂ ಆಸರೆ ಗಿಡ ಬಿಸಿಲಲ್ಲಿ ದುಡಿದ ಸಕ್ಕರೆಯಿಂದಲೇ ಆಗಬೇಕು. ಆಸರೆ ಗಿಡ ದಿನಕ್ಕೆ ಎಷ್ಟು ದುಡಿಯುತ್ತದೋ ಅದಕ್ಕಿಂತ ವೇಗವಾಗಿ ಬಳ್ಳಿ ಬೆಳೆಯಲು ದಾರಿಯೇ ಇಲ್ಲ. ರಾತ್ರಿಯಂತೂ ದುಡಿಮೆಯೇ ಇಲ್ಲ, ಎರಡು ಚಂದ್ರರ ಬೆಳಕು ಸೇರಿದರೂ ಅಷ್ಟೆ. ಉಂಡ ಮನೆಯ ಜಂತೆ ಎಣಿಸುವವನು ಕೂಡ ಮನೆಗೆ ಬೆಂಕಿ ಇಡುವುದಿಲ್ಲ, ನಾಳೆಯೂ ಊಟ ಬೇಕಲ್ಲ. ಸುಮಾತ್ರಾ, ಬೋರ್ನಿಯೋ ಕಾಡುಗಳ ರಫ್ಲೀಸಿಯ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ದೇಹವೆಲ್ಲ ದ್ರಾಕ್ಷಿ ಕುಟುಂಬದ ಒಂದು ಕಾಡುಬಳ್ಳಿಯೊಳಗೆ ದಾರದೆಳೆಗಳಂತೆ ಅಡಗಿರುತ್ತದೆ. ಹೊರಗೆ ಕಾಣುವುದು ಹೂ ಮಾತ್ರ. ಒಂದು ಜಾತಿಯಲ್ಲಂತೂ ಆ ಹೂ ಸುಮಾರು ಒಂದು ಮೀಟರ್ ಅಗಲ, ಕೊಳೆತ ಮಾಂಸದ ನಾತ. ಇಷ್ಟು ದೊಡ್ಡ ಹೂವನ್ನು ಹೊತ್ತೂ ಆ ಕಾಡುಬಳ್ಳಿ ಬದುಕಿರುತ್ತದೆ.

ಇನ್ನೊಂದು ತಪ್ಪು ನಂಬಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಪರಾವಲಂಬಿ ಎಂದರೆ ಕಾಡಿಗೆ ಕೇಡು ಎಂಬುದು. ಮರಗಳ ಕೊಂಬೆಯಲ್ಲಿ ಬೇರೂರುವ ಬಂದಳಿಕೆಯನ್ನು ಆಸ್ಟ್ರೇಲಿಯಾದ ಕೆಲವು ಕಾಡು ತಾಕುಗಳಿಂದ ಪೂರ್ತಿ ತೆಗೆದು ಹಾಕಿ ನೋಡಿದರು. 2012ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಮೂರೇ ವರ್ಷಕ್ಕೆ ಅಲ್ಲಿ ಕಾಡನ್ನೇ ನೆಚ್ಚಿಕೊಂಡ ಹಕ್ಕಿಗಳ ಜಾತಿಗಳು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಗಿದ್ದವು. ಬಂದಳಿಕೆಯ ಹಣ್ಣು, ಮಕರಂದ, ಉದುರುವ ಎಲೆ ಎಲ್ಲಕ್ಕೂ ಗಿರಾಕಿಗಳಿದ್ದರು. ನಿಮ್ಮ ಹಂಗುಬಳ್ಳಿ ಬೆಟ್ಟದ ಮೇಲಿನ ಕಾಡಿನಲ್ಲಿ ಮೊದಲಿನಿಂದಲೂ ಸಾಧುವಾಗಿಯೇ ಇತ್ತು, ಹೊಲಕ್ಕೆ ಇಳಿದ ಮೇಲೆ ಕಳೆಯಾಯಿತು ಎಂದರೆ ಅದು ಹೆಚ್ಚು ನಿಜ. ಕಾಡಿನಲ್ಲಿ ನೂರು ಬಗೆಯ ಗಿಡಗಳ ನಡುವೆ ಅದಕ್ಕೆ ಬೇಕಾದ ಆಸರೆ ಅಲ್ಲೊಂದು ಇಲ್ಲೊಂದು. ಹೊಲದಲ್ಲಿ ಸಾಲು ಹಿಡಿದು ನಿಂತಿರುತ್ತದೆ.

ದನ, ಮನುಷ್ಯರನ್ನು ಹೀರುವ ಪುಟಗಳನ್ನು ನಾನಾಗಿದ್ದರೆ ತೆಗೆಯುತ್ತಿದ್ದೆ. ಹೀರುಬೇರು ಗಿಡದ ನಾಳಕ್ಕೆ ಹೊಂದುವ ಕೀಲಿ, ಪ್ರಾಣಿಯ ದೇಹದಲ್ಲಿ ಅದಕ್ಕೆ ಬೀಗವೇ ಇಲ್ಲ. ಒಂದೇ ಧಾನ್ಯ ಉಣ್ಣುವ ಊರಿನಲ್ಲಿ ಆ ಧಾನ್ಯವನ್ನು ಹಿಡಿದ ಕಳೆ ಮನುಷ್ಯರನ್ನು ಮುಟ್ಟಲೇಬೇಕಾಗಿಯೂ ಇಲ್ಲ.

ಮಂತ್ರದ ದನಿಗೆ ಬೀಜ ಏಳುವುದನ್ನು ಮಾತ್ರ ದಯವಿಟ್ಟು ತೆಗೆಯಬೇಡಿ. ಪತ್ರದಲ್ಲಿ ಅತಿ ಅಸಂಭವ ಎಂದು ನಿಮಗೇ ಅನ್ನಿಸಿರಬಹುದಾದ ಆ ಸಾಲೇ ಸತ್ಯಕ್ಕೆ ತೀರಾ ಹತ್ತಿರ ಇರುವುದು.

ಸ್ಟ್ರೈಗ ಎಂಬ ಕಳೆಯಿದೆ. ಜೋಳ, ಸಜ್ಜೆ, ಮುಸುಕಿನ ಜೋಳ, ಕಬ್ಬಿನಂಥ ಹುಲ್ಲಿನ ಜಾತಿಯ ಬೆಳೆಗಳ ಬೇರು ಹಿಡಿಯುತ್ತದೆ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಮಾಟಗಾತಿ ಎಂದರ್ಥ. ಇದರ ಬೀಜ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟೂ ಇರುವುದಿಲ್ಲ, ಅಂಗೈಯಲ್ಲಿ ಹಾಕಿಕೊಂಡರೆ ಕಂದು ಧೂಳು. ಒಂದು ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ, ಕೆಲವು ಲಕ್ಷವನ್ನೂ ದಾಟಿಸುತ್ತವೆ. ಅಷ್ಟು ಸಣ್ಣ ಬೀಜದಲ್ಲಿ ಬುತ್ತಿ ಎಷ್ಟಿದ್ದೀತು? ಮೊಳೆತ ಮೇಲೆ ಕೆಲವೇ ದಿನಗಳಲ್ಲಿ, ಕೆಲವೇ ಮಿಲಿಮೀಟರ್ ದೂರದಲ್ಲಿ ಬೇರು ಸಿಗದಿದ್ದರೆ ಸತ್ತಂತೆ. ಆದ್ದರಿಂದ ಈ ಬೀಜ ಮಳೆ ಬಂತೆಂದು ಮೊಳೆಯುವುದಿಲ್ಲ. ಬೆಚ್ಚಗಿನ ಒದ್ದೆ ಮಣ್ಣಿನಲ್ಲಿ ಒಂದೆರಡು ವಾರ ನೆನೆದು ಸಿದ್ಧವಾಗಿ, ಕಾಯುತ್ತದೆ. ಪಕ್ಕದಲ್ಲಿ ಬೇರೊಂದು ಬಂದಿದೆ ಎಂಬ ಸುಳಿವು ಸಿಗುವ ತನಕ ಕಾಯುತ್ತದೆ, ಹತ್ತು ವರ್ಷವಾಗಲಿ, ಅದಕ್ಕಿಂತ ಹೆಚ್ಚಾಗಲಿ.

ಆ ಸುಳಿವು ಏನೆಂಬುದು ಬಹಳ ಕಾಲ ಒಗಟಾಗಿತ್ತು. 1966ರಲ್ಲಿ ಹತ್ತಿಯ ಬೇರು ಒಸರುವ ದ್ರವದಿಂದ ಒಂದು ರಾಸಾಯನಿಕವನ್ನು ಬೇರ್ಪಡಿಸಿ ಸ್ಟ್ರೈಗೋಲ್ ಎಂದು ಹೆಸರಿಟ್ಟರು. ಅದರ ಬಳಗಕ್ಕೆ ಈಗ ಸ್ಟ್ರೈಗೋಲ್ಯಾಕ್ಟೋನ್ ಎನ್ನುತ್ತಾರೆ. ಎಣಿಕೆಗೆ ಸಿಗದಷ್ಟು ಕಡಿಮೆ ಪ್ರಮಾಣ ಸಾಕು, ಬೀಜ ಎದ್ದು ಕೂರುತ್ತದೆ. ಆದರೆ ಗಿಡವೊಂದು ತನ್ನ ಶತ್ರುವನ್ನೇ ಎಬ್ಬಿಸುವ ವಸ್ತುವನ್ನು ಯಾಕೆ ಒಸರಬೇಕು? ತನ್ನ ಮನೆಯ ಬಾಗಿಲಿಗೆ ತಾನೇ ಕಳ್ಳನ ಗುರುತು ಹಾಕಿಕೊಂಡಂತಲ್ಲವೇ? ಸುಮಾರು ನಲವತ್ತು ವರ್ಷ ಇದಕ್ಕೆ ಒಪ್ಪುವ ಉತ್ತರ ಇರಲಿಲ್ಲ.

2005ರಲ್ಲಿ ಉತ್ತರ ಬಂತು. ಮಣ್ಣಿನಲ್ಲಿ ಗಿಡಗಳ ಹಳೆಯ ಸ್ನೇಹಿತರಾದ ಶಿಲೀಂಧ್ರಗಳಿವೆ. ಬೇರಿನೊಳಗೆ ಸೇರಿಕೊಂಡು, ಬೇರಿಗೆ ಎಟುಕದ ಮೂಲೆಗಳಿಂದ ರಂಜಕವನ್ನು ತಂದು ಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತವೆ. ನಲವತ್ತು ಕೋಟಿ ವರ್ಷ ಹಿಂದಿನ ಸಸ್ಯಗಳ ಪಳೆಯುಳಿಕೆಯಲ್ಲೂ ಈ ನಂಟಿನ ಗುರುತಿದೆ. ಮಣ್ಣಿನಲ್ಲಿ ರಂಜಕ ಕಡಿಮೆಯಾದಾಗ ಗಿಡ ಈ ಶಿಲೀಂಧ್ರಗಳನ್ನು ಕರೆಯುತ್ತದೆ. ಕರೆಯುವ ದನಿಯೇ ಸ್ಟ್ರೈಗೋಲ್ಯಾಕ್ಟೋನ್. ‘ಹಸಿವಾಗಿದೆ, ಬನ್ನಿ’ ಎಂದು ಸ್ನೇಹಿತರನ್ನು ಕೂಗಿದ್ದು, ಕಳ್ಳನ ಕಿವಿಗೂ ಬೀಳುತ್ತದೆ. ಮೂರು ವರ್ಷದ ನಂತರ, 2008ರಲ್ಲಿ, ಇದೇ ವಸ್ತು ಗಿಡದ ಒಳಗೂ ಹಾರ್ಮೋನಾಗಿ ಕೆಲಸ ಮಾಡಿ ಎಷ್ಟು ಕವಲೊಡೆಯಬೇಕು ಎಂಬುದನ್ನು ನಿಭಾಯಿಸುತ್ತದೆ ಎಂದೂ ತಿಳಿಯಿತು. ಅಂದರೆ ಕಳ್ಳನ ಕಾಟಕ್ಕೆ ಹೆದರಿ ಕೂಗುವುದನ್ನೇ ನಿಲ್ಲಿಸೋಣ ಎಂದರೆ ಗಿಡದ ಬಾಳೇ ಕೆಡುತ್ತದೆ.

ಈಗ ನಿಮ್ಮ ಕತೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮಂತ್ರವನ್ನು ಯಾವನೋ ದುಷ್ಟ ಮಾಂತ್ರಿಕ ಹೇಳಬೇಕಾಗಿಲ್ಲ. ಹೊಂದೆನೆಯ ಪೈರೇ ಹೇಳುತ್ತದೆ, ಅದೂ ಹಸಿದಾಗ. ತಲೆಮಾರುಗಳಿಂದ ಒಂದೇ ಧಾನ್ಯ ಬೆಳೆದಿದ್ದಾರೆ ಎಂದು ನೀವೇ ಬರೆದಿದ್ದೀರಿ. ಅಂಥ ಇಳಿಜಾರಿನ ಮಣ್ಣು ಬಡವಾಗಿರುತ್ತದೆ, ಬಡ ಮಣ್ಣಿನ ಪೈರು ಜೋರಾಗಿ ಕೂಗುತ್ತದೆ, ಕೂಗಿದಷ್ಟೂ ಬೀಜಗಳು ಏಳುತ್ತವೆ. ಅದೇ ಪೈರನ್ನು ಮತ್ತೆ ಬಿತ್ತಿದರೆ ಬೀಜದ ರಾಶಿ ಬೆಳೆಯುತ್ತದೆ. ನಮ್ಮ ಲೋಕದಲ್ಲೂ ಸ್ಟ್ರೈಗದ ಕಾಟ ಹೆಚ್ಚಿರುವುದು ಬಡವರ ಹೊಲದಲ್ಲೇ, ಗೊಬ್ಬರ ಕಾಣದ, ಬೆಳೆ ಬದಲಿಸಲಾಗದ ತುಂಡು ನೆಲಗಳಲ್ಲಿ. ಖಳನಾಯಕ ಬೇಕೇ ಬೇಕೆಂದಿದ್ದರೆ ಕಣಿವೆಯವರು ಬೇರೆ ಧಾನ್ಯ ಬಿತ್ತದಂತೆ ತಡೆದಿರುವವರು ಯಾರೋ ಇರಬಹುದು. ಅದು ನಿಮಗೆ ಬಿಟ್ಟದ್ದು.

ಒಂದು ಎಚ್ಚರಿಕೆ. ಕಸ್ಕ್ಯೂಟದ ಬೀಜ ಹೀಗೆ ಕರೆಗೆ ಕಾಯುವುದಿಲ್ಲ, ಅದರ ಗಟ್ಟಿ ಸಿಪ್ಪೆ ಸವೆದು ತೇವ ಸಿಕ್ಕಾಗ ತಾನೇ ಮೊಳೆಯುತ್ತದೆ. ಆಮೇಲೆ ಆಸರೆಯನ್ನು ಹುಡುಕುವುದು ವಾಸನೆಯಿಂದ. 2006ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಸ್ಕ್ಯೂಟದ ಮೊಳಕೆ ಟೊಮೇಟೊ ಗಿಡದ ಕಡೆಗೆ ಬಾಗಿ ಬೆಳೆಯಿತು. ಗಿಡವನ್ನು ತೆಗೆದು ಅದರ ವಾಸನೆಯ ಸಾರವನ್ನಷ್ಟೇ ಇಟ್ಟರೂ ಬಾಗಿತು. ಟೊಮೇಟೊ, ಗೋಧಿ ಎರಡನ್ನೂ ಇಟ್ಟರೆ ಟೊಮೇಟೊವನ್ನೇ ಆರಿಸಿಕೊಂಡಿತು. ಸುತ್ತಿಕೊಂಡ ಮೇಲೆ ಎರಡು ಗಿಡಗಳ ನಡುವೆ ನೀರು, ಸಕ್ಕರೆಯಷ್ಟೇ ಹರಿಯುವುದಿಲ್ಲ, ಆರ್‌ಎನ್‌ಎ ರೂಪದ ಸಂದೇಶಗಳೂ ಅತ್ತಿಂದಿತ್ತ ಓಡಾಡುತ್ತವೆ. ಬಳ್ಳಿ ಕಳಿಸಿದ ಕೆಲವು ಪುಟ್ಟ ಆರ್‌ಎನ್‌ಎಗಳು ಆಸರೆ ಗಿಡದ ರಕ್ಷಣೆಯ ಕೆಲಸವನ್ನೇ ಅಡಗಿಸುತ್ತವೆ ಎಂದು 2018ರಲ್ಲಿ ತೋರಿಸಿದರು. ಕರೆ ಕೇಳುವುದು ಸ್ಟ್ರೈಗದ ವಿದ್ಯೆ, ಮೂಸಿ ಹಬ್ಬುವುದು ಕಸ್ಕ್ಯೂಟದ ವಿದ್ಯೆ. ನಿಮ್ಮ ಹಂಗುಬಳ್ಳಿಗೆ ಎರಡನ್ನೂ ಕೊಡಬಹುದು, ನಿಮ್ಮ ಲೋಕ ನಿಮ್ಮಿಷ್ಟ. ಆದರೆ ತಿಳಿದು ಕೊಡಿ.

ನೂರು ವರ್ಷದ ನಿದ್ದೆಯನ್ನು ಇಪ್ಪತ್ತಕ್ಕೆ ಇಳಿಸಿ ಎನ್ನುವುದು ನನ್ನ ಸಲಹೆ. ನೂರು ವರ್ಷವಾದರೆ ಹಿಂದಿನ ಸಲ ಕಂಡವರು ಯಾರೂ ಉಳಿದಿರುವುದಿಲ್ಲ, ಎಲ್ಲ ದಂತಕತೆಯಾಗಿಬಿಡುತ್ತದೆ. ಇಪ್ಪತ್ತು ವರ್ಷವಾದರೆ ಆಗ ಹೊಲ ಬಿಟ್ಟುಹೋದವಳು ಈಗ ಮಗಳ ಜೊತೆ ಮರಳಿ ಬಂದು ಅದೇ ಹೊಲದಲ್ಲಿ ಬಿತ್ತುತ್ತಾಳೆ. ಎಲ್ಲ ಮುಗಿಯಿತೆಂದು ನಂಬಿ.

ಕಾಣುವ ಹೊತ್ತಿಗೆ ಕೈಮೀರಿರುತ್ತದೆ ಎಂಬುದನ್ನೂ ಬಳಸಿಕೊಳ್ಳಿ. ಸ್ಟ್ರೈಗ ಬೇರಿಗೆ ಅಂಟಿ ನಾಲ್ಕೈದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ನೆಲದೊಳಗೇ ಇರುತ್ತದೆ. ಮೇಲೆ ಪೈರು ಕುಗ್ಗುತ್ತದೆ, ಎಲೆ ಬಾಡುತ್ತದೆ. ಮಳೆ ಬಿದ್ದು ಮಣ್ಣು ಒದ್ದೆಯಿದ್ದರೂ ಬರಗಾಲದ ಪೈರಿನಂತೆ ಕಾಣುತ್ತದೆ. ರೈತರು ನೀರು ಸಾಲದೆಂದುಕೊಳ್ಳುತ್ತಾರೆ, ರೋಗವೆಂದುಕೊಳ್ಳುತ್ತಾರೆ, ಯಾರದೋ ಕಣ್ಣು ಬಿತ್ತೆಂದುಕೊಳ್ಳುತ್ತಾರೆ. ಮಾಟಗಾತಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಕೊನೆಗೊಂದು ದಿನ ಸಾಲುಗಳ ನಡುವೆ ಚೆಂದದ ಹೂವು ಅರಳುತ್ತದೆ. ಒಣಗುವ ಪೈರು, ನಳನಳಿಸುವ ಕಳೆ. ನಡುಮಧ್ಯಾಹ್ನ ಪೈರು ನೀರುಳಿಸಲು ತನ್ನ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಿರುವಾಗ ಸ್ಟ್ರೈಗ ತನ್ನವನ್ನು ತೆರೆದೇ ಇಟ್ಟು ನೀರನ್ನು ಆವಿಯಾಗಿ ಬಿಡುತ್ತಿರುತ್ತದೆ. ಪೈರಿನಿಂದ ನೀರೆಳೆಯುವ ಅದರ ರಾಟೆ ಅದೇ. ಇನ್ನೊಬ್ಬರ ದುಡ್ಡು, ಜಿಪುಣತನ ಯಾಕೆ!

ಇನ್ನು ನಾಯಕಿ ಏನು ಮಾಡಬಹುದು. ಮೊದಲು ಎಲ್ಲರೂ ಮಾಡುವುದು ಕೀಳುವುದು. ಹೂವು ಕಂಡ ಮೇಲೆ ಕೀಳುವುದೆಂದರೆ ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಆ ವರ್ಷದ ಪೈರಿಗೆ ಅದರಿಂದ ಲಾಭ ಕಡಿಮೆ. ಹಾಗೆಂದು ವ್ಯರ್ಥವೂ ಅಲ್ಲ, ಬೀಜ ಕಟ್ಟುವ ಮೊದಲೇ ಕಿತ್ತರೆ ಮುಂದಿನ ವರ್ಷಗಳ ಸಾಲ ತಪ್ಪುತ್ತದೆ. ತಡವಾದರೆ ಕೆಲಸ ತಿರುಗಿ ಹೊಡೆಯುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೇ ಇದನ್ನು ಮಾಡಿ ಕೆಡಿಸಿದ್ದೇನೆ. ಕಿತ್ತ ಗಿಡಗಳನ್ನು ಹೊರೆ ಕಟ್ಟಿಸಿ, ಹೊಲದ ಉದ್ದಕ್ಕೂ ಹೊರಿಸಿ, ಬದುವಿನಾಚೆ ಹಾಕಿಸಿದೆ. ಕಾಯಿ ಅದಾಗಲೇ ಒಡೆದಿದ್ದವು. ಮುಂದಿನ ಹಂಗಾಮಿನಲ್ಲಿ ಹೊರೆ ಹೊತ್ತು ನಡೆದ ದಾರಿಯುದ್ದಕ್ಕೂ ಗೆರೆ ಎಳೆದಂತೆ ಕಳೆ ಎದ್ದಿತ್ತು. ಆ ಹೊಲದ ಯಜಮಾನರು ಏನೂ ಅನ್ನಲಿಲ್ಲ, ಗೆರೆಯನ್ನು ತೋರಿಸಿದರು ಅಷ್ಟೆ. ಅಂದ ಹಾಗೆ ಇಂಥ ಬೀಜಗಳು ದೂರ ಹೋಗುವುದು ಹೆಚ್ಚಾಗಿ ಹೀಗೆಯೇ: ಬಿತ್ತನೆ ಬೀಜದಲ್ಲಿ ಬೆರೆತು, ಗಾಲಿಗೆ ಮೆತ್ತಿದ ಮಣ್ಣಿನಲ್ಲಿ, ದನದ ಹೊಟ್ಟೆಯೊಳಗಿಂದ ಸೆಗಣಿಯಲ್ಲಿ. ನಿಮ್ಮ ಕಣಿವೆಯಲ್ಲೂ ಹಂಗುಬಳ್ಳಿಯನ್ನು ಊರಿಂದೂರಿಗೆ ಒಯ್ಯುವವರು ಅದಕ್ಕೆ ಹೆದರಿ ಓಡುತ್ತಿರುವವರೇ ಆಗಿರಬಹುದು, ಮಡಿಲಲ್ಲಿ ಕಟ್ಟಿಕೊಂಡ ಒಂದು ಹಿಡಿ ಬಿತ್ತನೆ ಕಾಳಿನ ಜೊತೆ.

ಎರಡನೆಯದು, ಜಗ್ಗದ ತಳಿ ಹುಡುಕುವುದು. ಮೆಲ್ಲನೆ ಕೂಗುವ, ಕಳ್ಳನಿಗೆ ಕೇಳಿಸದ ಜೋಳದ ತಳಿಗಳು ನಿಜವಾಗಿಯೂ ಇವೆ. ನಾಯಕಿಗೆ ಯಾವುದೋ ಅಜ್ಜಿಯ ಗುಡಿಸಲಿನಲ್ಲಿ ಅಂಥ ಕಾಳು ಸಿಗಲಿ. ಆದರೆ ಅದರಲ್ಲೇ ಕತೆ ಮುಗಿಸಬೇಡಿ. ಸೂರ್ಯಕಾಂತಿಯ ಬೇರು ಹಿಡಿಯುವ ಒರೊಬ್ಯಾಂಕಿ ಎಂಬ ಕಳೆಯ ವಿರುದ್ಧ ಹೊಸ ತಳಿ ಬಂದಾಗಲೆಲ್ಲ, ಅದನ್ನು ಜಯಿಸುವ ಕಳೆಯ ಹೊಸ ಕುಲವೂ ಬಂದಿದೆ. ಎ, ಬಿ, ಸಿ ಎಂದು ಹೆಸರಿಡುತ್ತಾ ಹೋದವರು ಜಿ, ಎಚ್ ತನಕ ತಲುಪಿದ್ದಾರೆ. ಲಕ್ಷಗಟ್ಟಲೆ ಬೀಜಗಳಲ್ಲಿ ಮೆಲುದನಿಯನ್ನೂ ಕೇಳಬಲ್ಲ ಒಂದು ಇದ್ದೇ ಇರುತ್ತದೆ, ಗದ್ದಲವೆಲ್ಲ ಅಡಗಿದ ಹೊಲದಲ್ಲಿ ಅದೊಂದೇ ಬೆಳೆಯುತ್ತದೆ.

ನನಗೆ ಬಹಳ ಇಷ್ಟವಾದ ಉಪಾಯ ಮೂರನೆಯದು, ಸುಳ್ಳು ಕೂಗು. ಹತ್ತಿ ಸ್ಟ್ರೈಗವನ್ನು ಎಬ್ಬಿಸುತ್ತದೆ ಎಂದೆನಲ್ಲ, ಆದರೆ ಸ್ಟ್ರೈಗ ಹತ್ತಿಯ ಬೇರನ್ನು ಹಿಡಿಯಲಾರದು. ಅಲಸಂದೆ, ಶೇಂಗಾದಲ್ಲೂ ಹೀಗೆಯೇ. ಇವನ್ನು ಬಿತ್ತಿದರೆ ಬೀಜಗಳು ಕರೆ ಬಂತೆಂದು ಏಳುತ್ತವೆ, ಹಿಡಿಯಲು ಏನೂ ಸಿಗದೆ ಸಾಯುತ್ತವೆ. ಇಂಥ ಪೈರಿಗೆ ಬಲೆ ಬೆಳೆ ಎನ್ನಬಹುದು. 1956ರಲ್ಲಿ ಅಮೆರಿಕದ ಉತ್ತರ ಮತ್ತು ದಕ್ಷಿಣ ಕರೊಲಿನಾದಲ್ಲಿ ಸ್ಟ್ರೈಗ ಕಾಣಿಸಿಕೊಂಡಾಗ ಇದೇ ತಂತ್ರವನ್ನು ಅನಿಲದಲ್ಲಿ ಮಾಡಿದರು. ಎಥಿಲೀನ್ ಕೂಡ ಆ ಬೀಜವನ್ನು ಎಬ್ಬಿಸುತ್ತದೆ, ಅದನ್ನು ಮಣ್ಣಿನೊಳಕ್ಕೆ ಚುಚ್ಚಿ ಖಾಲಿ ಹೊಲದಲ್ಲಿ ಬೀಜಗಳನ್ನು ಎಬ್ಬಿಸಿ ಕೊಂದರು. ಜೊತೆಗೆ ಕಟ್ಟುನಿಟ್ಟಿನ ತಪಾಸಣೆ, ಕಳೆನಾಶಕ, ಅಪಾರ ಹಣ. ಕಳೆಯೇನೋ ಬಹುಮಟ್ಟಿಗೆ ಹೋಯಿತು, ಆದರೆ ಅದಕ್ಕೆ ದಶಕಗಳೇ ಹಿಡಿದವು. ಸುಳ್ಳು ಕೂಗಿನ ಅಪಾಯ ಅರ್ಧಕ್ಕೇ ನಿಲ್ಲಿಸುವುದರಲ್ಲಿದೆ. ಒಂದು ಸಲದ ಕರೆಗೆ ಎಲ್ಲ ಬೀಜಗಳೂ ಏಳುವುದಿಲ್ಲ. ಎರಡು ವರ್ಷ ಬಲೆ ಬೆಳೆ ಹಾಕಿ, ಮೂರನೆಯ ವರ್ಷ ಮನೆಯಲ್ಲಿ ಕಾಳು ಮುಗಿದು ಹೊಂದೆನೆ ಬಿತ್ತಿದರೆ ಉಳಿದವು ಮತ್ತೆ ಲೆಕ್ಕವನ್ನು ಮೊದಲಿಗೆ ತರುತ್ತವೆ. ಆ ಮೂರನೆಯ ವರ್ಷದ ಹಸಿವೇ ಒಂದು ಅಧ್ಯಾಯಕ್ಕೆ ಸಾಕು.

ಕೀನ್ಯಾದಲ್ಲಿ ಆದದ್ದನ್ನು ಹೇಳದೆ ಇರಲಾರೆ. ಅಲ್ಲಿ ಮುಸುಕಿನ ಜೋಳದ ಕಾಂಡ ಕೊರೆಯುವ ಹುಳದ ಪತಂಗವನ್ನು ದೂರವಿಡಲು ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವಿನ ಗಿಡ ಹಾಕಿ ನೋಡುತ್ತಿದ್ದರು. ಪತಂಗದ ಮಾತು ಹಾಗಿರಲಿ, ಡೆಸ್ಮೋಡಿಯಂ ಇದ್ದ ಕಡೆ ಸ್ಟ್ರೈಗವೇ ಇಳಿದುಹೋಗಿತ್ತು. ಪರೀಕ್ಷಿಸಿದಾಗ ತಿಳಿದದ್ದು: ಅದರ ಬೇರು ಒಸರುವ ಕೆಲವು ವಸ್ತುಗಳು ಬೀಜವನ್ನು ಎಬ್ಬಿಸುತ್ತವೆ, ಇನ್ನು ಕೆಲವು ಎದ್ದ ಮೊಳಕೆ ಬೇರು ಹಿಡಿಯದಂತೆ ತಡೆಯುತ್ತವೆ. ಜೊತೆಗೆ ಮಣ್ಣಿಗೆ ಸಾರಜನಕ, ದನಕ್ಕೆ ಮೇವು. ಒಂದು ಕೇಡಿಗೆ ಮದ್ದು ಹುಡುಕಿ ಹೊರಟವರಿಗೆ ಇನ್ನೊಂದರ ಮದ್ದು ಸಿಕ್ಕಿತು. ನಾಯಕಿಗೆ ಮದ್ದಿನ ಗಿಡವೊಂದು ಬೇಕಿದ್ದರೆ ಅದು ಹಿಮಗುಹೆಯಲ್ಲಿ ಇರಬೇಕಾಗಿಲ್ಲ, ದನ ಮೇಯುವ ಬದುವಿನ ಮೇಲೆಯೇ ಇರಬಹುದು. ಇದಕ್ಕೂ ತೊಡಕಿದೆ. ಆ ಗಿಡ ನೆಲೆಯೂರಲು ಒಂದೆರಡು ಹಂಗಾಮು ಬೇಕು, ಅಷ್ಟು ಕಾಲ ಅದನ್ನು ದನ, ಮೇಕೆಗಳಿಂದ ಕಾಯಬೇಕು, ಪಕ್ಕದ ಹೊಲದವರೂ ಒಪ್ಪಬೇಕು. ಮೆಟ್ಟಿಲು ಹೊಲಗಳಲ್ಲಿ ಮೇಲಿನವರ ಬೀಜ ಮಳೆನೀರಿನ ಜೊತೆ ಕೆಳಗಿನವರ ಹೊಲಕ್ಕೇ ಇಳಿಯುವುದು.

ಮಣ್ಣಿಗೆ ಗೊಬ್ಬರ ಹಾಕಿದರೆ ಪೈರಿನ ಕೂಗೇ ತಗ್ಗುತ್ತದೆ. ಇದು ನಿಧಾನ, ನಿಜ, ಮತ್ತು ಕತೆಗೆ ಅಷ್ಟೇನೂ ರಂಜನೀಯವಲ್ಲ, ಬಿಡಿ.

ಎರಡು ಚಂದ್ರರು ಒಟ್ಟಾದ ರಾತ್ರಿ ಹಂಗುಬಳ್ಳಿ ಹೂ ಬಿಡಲಿ ಎಂದು ನಿಮಗೆ ಆಸೆ ಇದ್ದರೆ ಒಂದು ಮಾತು. ಕಸ್ಕ್ಯೂಟದ ಒಂದು ಜಾತಿ ಯಾವಾಗ ಹೂ ಬಿಡಬೇಕೆಂಬುದನ್ನು ಸ್ವಂತವಾಗಿ ನಿರ್ಧರಿಸುವುದಿಲ್ಲ, ಆಸರೆ ಗಿಡದಲ್ಲಿ ಹರಿದು ಬರುವ ಹೂವಿನ ಸಂಕೇತವನ್ನು ಹಿಡಿದು ಅದರ ಜೊತೆಗೇ ಹೂ ಬಿಡುತ್ತದೆ ಎಂದು 2020ರಲ್ಲಿ ತಿಳಿದುಬಂತು. ನಿಮ್ಮ ಬಳ್ಳಿಗೆ ಚಂದ್ರ ಕಾಣಬೇಕಾಗಿಲ್ಲ, ಹೊಂದೆನೆಗೆ ಕಂಡರೆ ಸಾಕು.

ತಾಯಿಬೇರಿನ ವಿಷಯಕ್ಕೆ ಬಂದೆ. ಗೆಳತಿಯ ಮಾತು ಕೇಳಿ ಆ ದೃಶ್ಯವನ್ನು ತೆಗೆದುಹಾಕಬೇಡಿ. ಕಸ್ಕ್ಯೂಟ ಹಬ್ಬಿದ ತಾಕಿನಲ್ಲಿ ಬಳ್ಳಿಯನ್ನು ಮಾತ್ರ ಬಿಡಿಸಿ ತೆಗೆಯಲು ಹೋದವರು ಸೋಲುತ್ತಾರೆ, ಬೆರಳುದ್ದದ ತುಂಡು ಉಳಿದರೂ ಮತ್ತೆ ಹಬ್ಬುತ್ತದೆ. ಅಲ್ಲಿ ಮಾಡುವುದೇನೆಂದರೆ ಬೀಜವಾಗುವ ಮೊದಲು ಆ ತಾಕನ್ನು ಬೆಳೆಸಮೇತ ಕಿತ್ತು ಸುಡುವುದು. ಹಂಗುಬಳ್ಳಿಗೆ ಸ್ವಂತ ಬೇರಿಲ್ಲ, ಅದರ ಬೇರೆಂದರೆ ಹೊಂದೆನೆಯ ಬೇರೇ. ನಾಯಕಿ ಕಣಿವೆಯೆಲ್ಲ ಅಲೆದು ತಾಯಿಬೇರು ಹುಡುಕಲಿ. ಹುಡುಕಿ ಹುಡುಕಿ ಕೊನೆಗೆ ತನ್ನದೇ ಹೊಲದ ಬದುವಿಗೆ ಬಂದು ನಿಲ್ಲಲಿ, ಕೈಯಲ್ಲಿ ಕೊಳ್ಳಿ ಹಿಡಿದು. ತೆನೆ ಇನ್ನೂ ಹಾಲುಗಾಳಿನಲ್ಲಿರಲಿ, ಬಳ್ಳಿಯಲ್ಲಿ ಮೊಗ್ಗು ಬಿರಿಯಲು ಎರಡು ದಿನವಿರಲಿ.